ವಿಶ್ವಸರ್ಕಾರ: ಭರವಸೆ, ಅಪಾಯ ಮತ್ತು ಕಾರವಾರ–ಅಂಕೋಲಾ ಕರಾವಳಿ

ಭೂಮಿಯ ಮೇಲಿನ ಎಲ್ಲ ಜನರಿಗೂ ಅನ್ವಯಿಸುವ ಕಾನೂನು ಮಾಡುವ, ಅದನ್ನು ಮುರಿದವರನ್ನು ವಿಚಾರಣೆಗೆ ಗುರಿಪಡಿಸುವ, ತೀರ್ಪನ್ನು ಅಗತ್ಯಬಿದ್ದರೆ ಬಲ ಬಳಸಿ ಜಾರಿಗೆ ತರುವ ಮತ್ತು ಈ ಎಲ್ಲದರ ಖರ್ಚಿಗೆ ತೆರಿಗೆ ಎತ್ತುವ ಒಂದೇ ಆಡಳಿತಕ್ಕೆ ವಿಶ್ವಸರ್ಕಾರ ಎಂದು ಹೆಸರು. ಅಂಥ ಸರ್ಕಾರ ಇತಿಹಾಸದಲ್ಲಿ ಎಂದೂ ಇರಲಿಲ್ಲ. ವಿಶ್ವಸಂಸ್ಥೆಯನ್ನು ಹಲವರು ಹಾಗೆ ಭಾವಿಸುವುದುಂಟು. ಆದರೆ ಅದು 193 ಸ್ವತಂತ್ರ ರಾಷ್ಟ್ರಗಳ ಕೂಟ. ಅದಕ್ಕೆ ಸ್ವಂತ ಸೈನ್ಯವಿಲ್ಲ, ತೆರಿಗೆ ಹಾಕುವ ಅಧಿಕಾರವಿಲ್ಲ, ಸದಸ್ಯ ರಾಷ್ಟ್ರಗಳು ಕೊಡುವ ವಂತಿಗೆಯಿಂದ ಅದು ನಡೆಯುತ್ತದೆ. ವಿಶ್ವಸರ್ಕಾರದ ಚರ್ಚೆ ಹೆಚ್ಚಾಗಿ ತತ್ತ್ವಶಾಸ್ತ್ರದ ಪುಸ್ತಕಗಳಲ್ಲಿ ನಡೆದಿದೆ. ಅದರ ಲಾಭನಷ್ಟಗಳನ್ನು ನೆಲದ ಮೇಲೆ ಅಳೆಯಬೇಕೆಂದರೆ, ದೂರದ ಅಧಿಕಾರಗಳು ಬಂದು ಹಕ್ಕು ಸಾಧಿಸಿದ, ಗಡಿ ಎಳೆದ, ಗಡಿ ಅಳಿಸಿದ ಒಂದು ಪ್ರದೇಶವನ್ನು ನೋಡಬೇಕು. ಉತ್ತರ ಕನ್ನಡದ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕರಾವಳಿ ಅಂಥದು. ಐದು ಶತಮಾನಗಳಲ್ಲಿ ಈ ತುಸು ಉದ್ದದ ದಂಡೆ ಕಂಡಷ್ಟು ಬಗೆಯ ದೂರದ ಆಳ್ವಿಕೆಯನ್ನು ಕಂಡ ಊರುಗಳು ಕಡಿಮೆ.

ಜಗತ್ತನ್ನೇ ಹಂಚಿಕೊಳ್ಳುವ ಮೊದಲ ಕಾಗದ ಇಲ್ಲಿಗೆ ಬಂದದ್ದು ಹಡಗಿನಲ್ಲಿ. 1494ರ ಟಾರ್ಡೆಸಿಲಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ದೊರೆಗಳು ಯೂರೋಪಿನಾಚೆಯ ಸಮುದ್ರಗಳನ್ನು ಒಂದು ಗೆರೆ ಎಳೆದು ತಮ್ಮಿಬ್ಬರಲ್ಲೇ ಪಾಲು ಮಾಡಿಕೊಂಡಿದ್ದರು. ನಾಲ್ಕು ವರ್ಷದ ಮೇಲೆ, 1498ರಲ್ಲಿ, ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೋ ಡ ಗಾಮ ಕಾರವಾರದೆದುರಿನ ಅಂಜದೀವ್ ದ್ವೀಪದಲ್ಲಿ ತಂಗಿ ಹಡಗುಗಳನ್ನು ಸರಿಮಾಡಿಕೊಂಡ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಅದೇ ದ್ವೀಪದಲ್ಲಿ ಕೋಟೆ ಕಟ್ಟಿಸಿದ. ಆ ನಂತರ ಈ ಕರಾವಳಿಯ ವರ್ತಕರ ಹಡಗುಗಳು ಕಡಲಿಗಿಳಿಯಬೇಕಾದರೆ ಪೋರ್ಚುಗೀಸರ ರಹದಾರಿ ಪತ್ರ, ಅಂದರೆ ಕಾರ್ತಾಝ್, ಬೇಕಾಯಿತು. ಅದರಲ್ಲಿ ಹಡಗಿನ ಗಾತ್ರ, ನಾಖವನ ಹೆಸರು, ಆಯುಧಗಳ ಲೆಕ್ಕ, ಹೋಗುವ ಬಂದರು ಎಲ್ಲ ಬರೆದಿರುತ್ತಿತ್ತು. ಪತ್ರವಿಲ್ಲದ ಹಡಗು ಸಿಕ್ಕರೆ ಸರಕಿನ ಸಮೇತ ಮುಟ್ಟುಗೋಲು. ತಲೆಮಾರುಗಳಿಂದ ಯಾರನ್ನೂ ಕೇಳದೆ ಓಡಾಡಿದ ನೀರಿನಲ್ಲಿ ಓಡಾಡಲು ಅಪ್ಪಣೆ ಪಡೆಯಬೇಕಾಗಿ ಬಂದದ್ದು ಹೀಗೆ. ಸಮುದ್ರ ಯಾರೊಬ್ಬರ ಸ್ವತ್ತೂ ಅಲ್ಲವೆಂದು ಡಚ್ ನ್ಯಾಯಶಾಸ್ತ್ರಜ್ಞ ಗ್ರೋಷಿಯಸ್ 1609ರ ತನ್ನ ಪುಸ್ತಕದಲ್ಲಿ ವಾದಿಸಿದ್ದು ಪೋರ್ಚುಗೀಸರ ಇದೇ ಹಕ್ಕುಸಾಧನೆಗೆ ಎದುರಾಗಿ. ಅಂತರರಾಷ್ಟ್ರೀಯ ಕಾನೂನಿನ ಮೂಲಗ್ರಂಥಗಳಲ್ಲಿ ಒಂದೆನಿಸಿದ ಆ ಪುಸ್ತಕದ ಹಿಂದೆ ಪೂರ್ವದ ಕಡಲುಗಳ ಈ ಜಗಳವಿದೆ.

ದೂರದ ಅಪ್ಪಣೆ ದಡಕ್ಕೆ ಬಂದು ಮುಟ್ಟುವಾಗ ಏನಾಗುತ್ತದೆ ಎಂಬುದನ್ನೂ ಅಂಜದೀವ್ ತೋರಿಸಿತು. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್ ಮುಂಬಯಿಯನ್ನು ಇಂಗ್ಲೆಂಡಿನ ದೊರೆಗೆ ಬಿಟ್ಟುಕೊಟ್ಟಿತು. ಅದನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಅಬ್ರಹಾಂ ಶಿಪ್‌ಮನ್‌ನ ದಂಡಿಗೆ ಸ್ಥಳೀಯ ಪೋರ್ಚುಗೀಸ್ ಅಧಿಕಾರಿಗಳು ಊರನ್ನು ಕೊಡಲಿಲ್ಲ. ದಂಡು ಅಂಜದೀವ್‌ನಲ್ಲಿ ಬೀಡುಬಿಟ್ಟು ಕಾಯಿತು. 1665ರಲ್ಲಿ ಮುಂಬಯಿ ಕೈಸೇರುವ ಹೊತ್ತಿಗೆ ಶಿಪ್‌ಮನ್ ಸೇರಿದಂತೆ ಬಹುಪಾಲು ಮಂದಿ ಜ್ವರ, ಬೇಧಿಗಳಿಂದ ಸತ್ತಿದ್ದರು. ಇಬ್ಬರು ದೊರೆಗಳು ಮುದ್ರೆಯೊತ್ತಿದ ಪತ್ರವಿದ್ದೂ ಅದನ್ನು ನಡೆಸಿಕೊಡುವವರು ಇಲ್ಲಿ ಯಾರೂ ಇರಲಿಲ್ಲ.

ವಿಶ್ವಸರ್ಕಾರದ ವಿರುದ್ಧ ಹೇಳಬಹುದಾದ ಅತ್ಯಂತ ಬಲವಾದ ಮಾತು ಈ ಕರಾವಳಿಗೂ ಪೋರ್ಚುಗೀಸರ ಗೋವೆಗೂ ನಡುವಿನ ಗಡಿಯ ಚರಿತ್ರೆಯಲ್ಲಿ ಸಿಗುತ್ತದೆ. ಗೋವೆಯಲ್ಲಿ 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾಯಿತು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರವರೆಗೆ ಅದು ನಡೆಯಿತು. ದೇವಸ್ಥಾನಗಳ ನಾಶ, ಮತಾಂತರ, ತೆರಿಗೆ, ವಿಚಾರಣೆಯ ಭಯ ಇವುಗಳಿಂದ ತಪ್ಪಿಸಿಕೊಂಡ ಕೊಂಕಣಿ ಮಾತಿನ ಕುಟುಂಬಗಳು ದೇವರ ಮೂರ್ತಿಗಳನ್ನು ಹೊತ್ತು ದಕ್ಷಿಣಕ್ಕೆ ಬಂದವು. ಸಾರಸ್ವತರು ಬಂದರು, ಮುಂದೆ ಕ್ರೈಸ್ತರೂ ಬಂದರು. ಕಾರವಾರದಿಂದ ಅಂಕೋಲೆ, ಕುಮಟೆ, ಹೊನ್ನಾವರಗಳವರೆಗೂ ಅವರು ನೆಲೆನಿಂತರು. ಅವರಿಗೆ ಬದುಕು ಸಿಕ್ಕಿದ್ದು ಪೋರ್ಚುಗೀಸರ ಮಾತು ನಡೆಯದ ಇನ್ನೊಂದು ರಾಜ್ಯ ಪಕ್ಕದಲ್ಲೇ ಇದ್ದುದರಿಂದ. ಓಟ ಒಂದೇ ದಿಕ್ಕಿನದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕಾಳಿ ನದಿಯ ಅಳಿವೆಯಲ್ಲಿ ಸದಾಶಿವಗಡದ ಕೋಟೆ ಕಟ್ಟಿಸಿದ ಸೋದೆ ಅರಸರ ಮನೆತನ, 1760ರ ದಶಕದಲ್ಲಿ ಹೈದರಾಲಿ ರಾಜ್ಯವನ್ನು ಕಸಿದುಕೊಂಡಾಗ, ಅದೇ ಗೋವೆಗೆ ಓಡಿ ಪೋರ್ಚುಗೀಸರ ಆಶ್ರಯ ಪಡೆಯಿತು. ಯಾರಿಗೆ ಯಾವ ಕಡೆಯಿಂದ ಕಷ್ಟ ಬಂದರೂ ಗಡಿಯ ಆಚೆ ಒಂದು ಆಚೆ ಇತ್ತು. ಇಡೀ ಭೂಮಿಗೆ ಒಂದೇ ಸರ್ಕಾರವಾದರೆ, ಅದು ಕೆಟ್ಟ ದಿನ ಓಡಿಹೋಗಲು ಇನ್ನೊಂದು ದಡ ಇರುವುದಿಲ್ಲ. ಜರ್ಮನ್ ತತ್ತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದಾಗ ಒಂದೇ ಮಹಾರಾಜ್ಯವನ್ನು ಒಪ್ಪದೆ ಸ್ವತಂತ್ರ ರಾಜ್ಯಗಳ ಒಕ್ಕೂಟವನ್ನು ಬಯಸಿದ್ದಕ್ಕೆ ಕಾರಣ ಇದೇ ಬಗೆಯ ಅಂಜಿಕೆ: ಅಷ್ಟು ದೊಡ್ಡ ರಾಜ್ಯದಲ್ಲಿ ಕಾನೂನಿನ ಬಿಗಿ ಸಡಿಲಗೊಂಡು ಜೀವವಿಲ್ಲದ ನಿರಂಕುಶತೆ ಉಳಿಯುತ್ತದೆ ಎಂದು ಅವನು ಭಾವಿಸಿದ.

ರವೀಂದ್ರನಾಥ ಠಾಕೂರರ ನೆನಪು ಇಲ್ಲಿ ಸಹಜವಾಗಿ ಬರುತ್ತದೆ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ಹರೆಯದ ಕವಿ ಇಲ್ಲಿ ಬಂದು ಉಳಿದರು. ಕಾಳಿ ನದಿಯಲ್ಲಿ ದೋಣಿಯಲ್ಲಿ ವಿಹರಿಸಿದರು, ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದರು. ಊರಿನ ಕಡಲತೀರಕ್ಕೆ ಈಗ ಅವರದೇ ಹೆಸರು. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ ಜಪಾನ್ ಮತ್ತು ಅಮೆರಿಕಗಳಲ್ಲಿ ಅವರು ರಾಷ್ಟ್ರವಾದವನ್ನು ಕಟುವಾಗಿ ಟೀಕಿಸಿದರು. ಮನುಷ್ಯರನ್ನು ಯಂತ್ರದಂತೆ ಜೋಡಿಸುವ ಸಂಘಟನೆಯೆಂದು ಅದನ್ನು ಕಂಡರು. ಆದರೂ ಅವರು ಕೇಳಿದ್ದು ವಿಶ್ವಸರ್ಕಾರವನ್ನಲ್ಲ. 1921ರಲ್ಲಿ ಅವರು ಕಟ್ಟಿದ್ದು ವಿಶ್ವಭಾರತಿ ಎಂಬ ವಿದ್ಯಾಸಂಸ್ಥೆಯನ್ನು. ಕುವೆಂಪು ಅವರ ವಿಶ್ವಮಾನವ ಕಲ್ಪನೆಯೂ ಇದೇ ಜಾತಿಯದು. ಅದು ಮನಸ್ಸಿನ ವಿಸ್ತಾರವನ್ನು ಕುರಿತದ್ದು, ಆಡಳಿತವನ್ನು ಕುರಿತದ್ದಲ್ಲ. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಕನ್ನಡದಲ್ಲಿ ಈ ವಿಷಯದ ಚರ್ಚೆ ಆಗಾಗ ದಾರಿ ತಪ್ಪಿದೆ.

ಎರಡನೆಯ ಅಪಾಯ ಆಳುವವರು ದೂರ ಇರುವುದು. ಮದರಾಸು ಪ್ರಾಂತ್ಯದ ಕೆನರಾ ಜಿಲ್ಲೆಯನ್ನು ಒಡೆದು ಅದರ ಉತ್ತರ ಭಾಗವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡ ಕಡೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕೆಂದು ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಹಾಕುತ್ತಿದ್ದ ಒತ್ತಡ ಅದರ ಹಿಂದೆ ಇತ್ತು. ಕಾರವಾರ ಜಿಲ್ಲೆಯ ಮುಖ್ಯ ಊರಾಗಿ ಬೆಳೆದದ್ದು ಆಗಲೇ. ಮುಂದೆ ರೈಲು ಗೋವೆಯ ಮುರಗಾಂವಿಗೆ ಹೋಯಿತು, ಕಾರವಾರ ಬಂದರು ಸೊರಗಿತು. ಇಲ್ಲಿಯ ಜನ ರೈಲಿಗಾಗಿ ಕೊಂಕಣ ರೈಲ್ವೆಯವರೆಗೆ, ಅಂದರೆ ನೂರು ವರ್ಷಕ್ಕೂ ಹೆಚ್ಚು ಕಾಲ, ಕಾದರು. ಊರಿನ ಏಳುಬೀಳು ಎರಡೂ ಊರನ್ನು ಕಣ್ಣಿಂದ ಕಾಣದವರ ಮೇಜಿನ ಮೇಲೆ ತೀರ್ಮಾನವಾಗಿದ್ದವು.

ಉಪ್ಪಿನ ಕಾನೂನು ಅದಕ್ಕಿಂತ ಒರಟಾದ ಉದಾಹರಣೆ. ಸಮುದ್ರದ ನೀರು ಗದ್ದೆಗೆ ಹರಿದು ಬಿಸಿಲಿಗೆ ಹರಳುಗಟ್ಟುವ ನಾಡಿನಲ್ಲಿ ಆ ಹರಳನ್ನು ಬೊಗಸೆಯಲ್ಲಿ ಎತ್ತಿಕೊಂಡು ಮನೆಗೆ ಒಯ್ಯುವುದು ಅಪರಾಧವಾಗಿತ್ತು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನನ್ನು ಮುರಿಯಲಾಯಿತು. ಅದರ ಬೆನ್ನಿಗೇ ಬಂದ ಕರನಿರಾಕರಣೆಯ ಕಾರಣಗಳು ಇನ್ನೂ ಗಮನಾರ್ಹ. 1929ರ ನಂತರದ ಜಾಗತಿಕ ಆರ್ಥಿಕ ಕುಸಿತದಲ್ಲಿ ಬತ್ತ, ಅಡಿಕೆಗಳ ಬೆಲೆ ಬಿದ್ದಿತು; ಹಣದ ರೂಪದಲ್ಲಿ ಕಟ್ಟಬೇಕಾದ ಕಂದಾಯ ಮಾತ್ರ ಇದ್ದಷ್ಟೇ ಇತ್ತು. ಅಂಕೋಲಾ ಮತ್ತು ಸಿದ್ದಾಪುರದ ರೈತರು ಕಟ್ಟುವುದಿಲ್ಲವೆಂದರು. ಜಮೀನು ಹೋಯಿತು, ದನಕರು ಹೋದವು, ಪಾತ್ರೆಪಗಡೆ ಹರಾಜಾದವು, ಹೆಂಗಸರೂ ಜೈಲಿಗೆ ಹೋದರು. ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯನ್ನು ನೆನೆದು ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಅಂಕೋಲೆಗೆ ಬಂದದ್ದು ಹೀಗೆ. ಗದ್ದೆಯಲ್ಲಿ ಬೆಲೆ ಬಿದ್ದ ಸುದ್ದಿ ಕಂದಾಯ ನಿಗದಿಮಾಡುವವರ ಕಿವಿಗೆ ತಲುಪಲಿಲ್ಲ ಎಂಬುದೇ ಅಲ್ಲಿಯ ಮೂಲ ದೋಷ.

ವಿಶ್ವಸರ್ಕಾರ ಚುನಾಯಿತವಾಗಿದ್ದರೆ ಈ ದೋಷ ಇರದು ಎಂಬ ಉತ್ತರವಿದೆ. ಲೆಕ್ಕ ಹಾಕಿ ನೋಡಬಹುದು. ಸುಮಾರು 800 ಕೋಟಿ ಜನರಿಗೆ ಒಂದು ಸಾವಿರ ಸದಸ್ಯರ ಲೋಕಸಂಸತ್ತು ಎಂದಿಟ್ಟುಕೊಂಡರೆ ಪ್ರತಿ 80 ಲಕ್ಷ ಜನರಿಗೆ ಒಬ್ಬ ಪ್ರತಿನಿಧಿ. 2011ರ ಜನಗಣತಿಯಂತೆ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14.37 ಲಕ್ಷ. ಇಡೀ ಜಿಲ್ಲೆಗೆ ಒಬ್ಬ ಸದಸ್ಯನ ಐದನೆಯ ಒಂದು ಪಾಲೂ ಬರುವುದಿಲ್ಲ. ಈ ಕರಾವಳಿಯ ಸಣ್ಣ ಸಮುದಾಯಗಳಾದ ಗಾಬಿತರಿಗೆ, ಹರಿಕಂತ್ರರಿಗೆ, ಹಾಲಕ್ಕಿ ಒಕ್ಕಲಿಗರಿಗೆ ಎಷ್ಟು ಬರುತ್ತದೆ ಎಂದು ಕೇಳುವುದೇ ಬೇಡ. ಆದ್ದರಿಂದಲೇ ಈ ಕಲ್ಪನೆಯನ್ನು ಗಂಭೀರವಾಗಿ ಬೆಂಬಲಿಸುವವರು ಒಕ್ಕೂಟದ ಮಾದರಿಯನ್ನು ಮುಂದಿಡುತ್ತಾರೆ: ಯುದ್ಧ, ಅಣ್ವಸ್ತ್ರ, ಸಾಗರ, ಹವಾಮಾನ ಇಂಥ ಕೆಲವೇ ವಿಷಯಗಳು ಮೇಲಿನವರಿಗೆ, ಮಿಕ್ಕಿದ್ದೆಲ್ಲ ಕೆಳಗಿನವರಿಗೆ. ಆದರೆ ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಕೊನೆಗೆ ತೀರ್ಮಾನಿಸುವ ಅಧಿಕಾರವೂ ಮೇಲಿನವರ ಕೈಯಲ್ಲೇ ಉಳಿಯುವ ಸಾಧ್ಯತೆ ಇದೆ. ಕೇಂದ್ರ–ರಾಜ್ಯ ಸಂಬಂಧದ ಅನುಭವವಿರುವ ಭಾರತೀಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ವಿಶ್ವಸರ್ಕಾರದ ಭರವಸೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ‘ಭಾರತ ಬಿಟ್ಟು ತೊಲಗಿ’ ಎಂದು 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಅಂಗೀಕಾರವಾದ ಕಾಂಗ್ರೆಸ್ ನಿರ್ಣಯವನ್ನು ಪೂರ್ತಿ ಓದಿದವರು ಕಡಿಮೆ. ಜಗತ್ತಿನ ಮುಂದಿನ ಶಾಂತಿಗೆ ಸ್ವತಂತ್ರ ರಾಷ್ಟ್ರಗಳ ವಿಶ್ವ ಒಕ್ಕೂಟ ಬೇಕು, ಅದು ಬಂದರೆ ಎಲ್ಲ ದೇಶಗಳಲ್ಲೂ ನಿರಸ್ತ್ರೀಕರಣ ಸಾಧ್ಯ, ದೇಶದೇಶಗಳ ಭೂಸೇನೆ, ನೌಕಾಪಡೆ, ವಾಯುಪಡೆಗಳ ಅಗತ್ಯ ಉಳಿಯುವುದಿಲ್ಲ, ಒಕ್ಕೂಟದ ರಕ್ಷಣಾ ಪಡೆ ಶಾಂತಿ ಕಾಯುತ್ತದೆ ಎಂಬ ಮಾತು ಅದರಲ್ಲೇ ಇದೆ. ಆ ನಿರ್ಣಯದ ಕರೆಗೆ ಓಗೊಟ್ಟು ಜೈಲಿಗೆ ಹೋದವರ ಪೈಕಿ ಅಂಕೋಲೆಯ ಹಳ್ಳಿಗರೂ ಇದ್ದರು. ಸ್ವರಾಜ್ಯವನ್ನೂ ವಿಶ್ವ ಒಕ್ಕೂಟವನ್ನೂ ಒಂದೇ ಉಸಿರಿನಲ್ಲಿ ಕೇಳಿದ ಆ ತಲೆಮಾರಿಗೆ ಇವೆರಡರಲ್ಲಿ ವಿರೋಧ ಕಾಣಲಿಲ್ಲ.

ಅಂಥ ಒಕ್ಕೂಟ ಇಲ್ಲದ್ದರ ಪರಿಣಾಮ ಹತ್ತೊಂಬತ್ತು ವರ್ಷದ ಮೇಲೆ ಅಂಜದೀವ್‌ನಲ್ಲೇ ಕಂಡಿತು. 1947ರಲ್ಲಿ ಬ್ರಿಟಿಷರು ಹೋದರು, ಗೋವೆಯಲ್ಲಿ ಪೋರ್ಚುಗೀಸರು ಉಳಿದರು. ಕಾರವಾರ ತಾಲ್ಲೂಕಿನ ಗಡಿಯ ಹಳ್ಳಿ ಮಾಜಾಳಿಯ ಆಚೆ ಇನ್ನೊಂದು ದೇಶ. ಮದುವೆಯ ಸಂಬಂಧ, ದೇವರ ಹರಕೆ, ಮೀನಿನ ವ್ಯಾಪಾರ ಎಲ್ಲಕ್ಕೂ ನಡುವೆ ಪಹರೆ. ಗೋವೆಯ ಹೋರಾಟಗಾರರಿಗೆ ಕಾರವಾರ ಒಂದು ನೆಲೆಯಾಯಿತು. ಇದೇ ಜಿಲ್ಲೆಯ ಕ್ಯಾಸಲ್‌ರಾಕ್ ಸುತ್ತಿನ ಕಾಡಿನಿಂದ ಅವರ ಗುಪ್ತ ರೇಡಿಯೋ ಪ್ರಸಾರ ನಡೆಯಿತು. ವಸಾಹತುಗಳ ಜನರಿಗೆ ಸ್ವಾತಂತ್ರ್ಯ ಸಿಗಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 1960ರ ಡಿಸೆಂಬರ್ 14ರಂದು ಘೋಷಿಸಿತು. ಮರುದಿನ ಪೋರ್ಚುಗಲ್‌ನ ವಸಾಹತುಗಳನ್ನು ಸ್ವಯಮಾಡಳಿತವಿಲ್ಲದ ಪ್ರದೇಶಗಳೆಂದು ಹೆಸರಿಸಿತು. ಪೋರ್ಚುಗಲ್ ಒಪ್ಪಲಿಲ್ಲ, ಒಪ್ಪಿಸುವ ಶಕ್ತಿ ಮಹಾಸಭೆಗೆ ಇರಲಿಲ್ಲ. 1961ರ ನವೆಂಬರ್‌ನಲ್ಲಿ ಅಂಜದೀವ್‌ನಿಂದ ಭಾರತದ ಹಡಗಿನ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿತು. ಡಿಸೆಂಬರ್ 18ರ ಬೆಳಿಗ್ಗೆ ನೌಕಾಪಡೆಯ ‘ತ್ರಿಶೂಲ್’ ಹಡಗಿನಿಂದ ಒಂದು ತುಕಡಿ ದ್ವೀಪಕ್ಕೆ ಇಳಿಯಿತು. ಆ ಕಾಳಗದಲ್ಲಿ ಏಳು ಮಂದಿ ಭಾರತೀಯ ನಾವಿಕರು ಮಡಿದರು.

ಅದೇ ದಿನ ನ್ಯೂಯಾರ್ಕಿನಲ್ಲಿ ಭದ್ರತಾ ಮಂಡಳಿ ಸೇರಿತು. ಕದನ ನಿಲ್ಲಿಸಿ ಭಾರತ ಹಿಂದೆ ಸರಿಯಬೇಕೆಂಬ ನಿರ್ಣಯಕ್ಕೆ 7 ಮತ ಬಿದ್ದವು. ಸೋವಿಯತ್ ಒಕ್ಕೂಟ, ಸಿಲೋನ್, ಲೈಬೀರಿಯಾ, ಸಂಯುಕ್ತ ಅರಬ್ ಗಣರಾಜ್ಯ ವಿರೋಧಿಸಿದವು. ಸೋವಿಯತ್ ವಿರೋಧವೆಂದರೆ ವೀಟೋ, ನಿರ್ಣಯ ಬಿದ್ದುಹೋಯಿತು. ಗೋವೆ ಬಿಡುಗಡೆಯಾದದ್ದು ನ್ಯಾಯವೇ. ಆದರೆ ಅದು ನಡೆದ ಬಗೆಯಲ್ಲಿ ಜಾಗತಿಕ ವ್ಯವಸ್ಥೆಯ ಎರಡು ಕೊರತೆಗಳೂ ಒಟ್ಟಿಗೆ ಕಾಣುತ್ತವೆ. ಹದಿನಾಲ್ಕು ವರ್ಷ ಪೋರ್ಚುಗಲನ್ನು ಶಾಂತಿಯಿಂದ ಎಬ್ಬಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಕೊನೆಗೆ ಬಂದೂಕು ಎತ್ತಿದಾಗ ಸರಿತಪ್ಪು ತೂಗಿದ್ದು ನ್ಯಾಯಾಧೀಶರಲ್ಲ, ಐದು ಬಲಿಷ್ಠ ರಾಷ್ಟ್ರಗಳ ಪೈಕಿ ಒಂದರ ಕೈ. ವಿಶ್ವಸರ್ಕಾರವೊಂದು ಇದ್ದಿದ್ದರೆ ಆ ಏಳು ಜೀವ ಉಳಿಯುತ್ತಿದ್ದವು ಎನ್ನಬಹುದು. ಆ ಸರ್ಕಾರವನ್ನು 1945ರಲ್ಲಿ ಗೆದ್ದವರೇ ಕಟ್ಟಿದ್ದರೆ ಅದು ಇದ್ದ ಗಡಿಗಳನ್ನೇ ಕಾಯುತ್ತ ಕೂತು, ಗೋವೆ ಇನ್ನೂ ಹಲವು ವರ್ಷ ಬಿಡುಗಡೆಗಾಗಿ ಕಾಯಬೇಕಾಗುತ್ತಿತ್ತು ಎಂದೂ ಅಷ್ಟೇ ಬಲವಾಗಿ ಹೇಳಬಹುದು. ಇದ್ದದ್ದನ್ನು ಇದ್ದಂತೆ ಕಾಯುವುದನ್ನೇ ಶಾಂತಿ ಎಂದು ಕರೆದರೆ ಅದರ ಹೊರೆ ಬೀಳುವುದು ಅನ್ಯಾಯ ಅನುಭವಿಸುತ್ತಿರುವವರ ಮೇಲೆ. ವಿಶ್ವಸರ್ಕಾರದ ಕರಡುಗಳನ್ನು ಬರೆದವರಲ್ಲಿ ಹೆಚ್ಚಿನವರು ಈ ಪ್ರಶ್ನೆಯನ್ನು ಅಷ್ಟಾಗಿ ಮುಟ್ಟಿಲ್ಲ.

ಯುದ್ಧಗಳ ಆಚೆಗೂ ಒಂದು ಖರ್ಚಿದೆ. ಪ್ರತಿ ದೇಶವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕಾದ ಜಗತ್ತಿನಲ್ಲಿ ಆ ಕಾವಲಿನ ಬೆಲೆಯನ್ನು ಯಾವುದೋ ಒಂದು ಊರು ತೆರಬೇಕಾಗುತ್ತದೆ. ಮುಂಬಯಿ ಬಂದರು ಇಕ್ಕಟ್ಟಾಗಿ, 1971ರ ಯುದ್ಧದ ನಂತರ ಪಶ್ಚಿಮ ಕರಾವಳಿಯಲ್ಲಿ ಪ್ರತ್ಯೇಕ ನೌಕಾನೆಲೆ ಬೇಕೆಂದು ತೋರಿದಾಗ ಆಯ್ಕೆಯಾದದ್ದು ಕಾರವಾರ–ಅಂಕೋಲಾ ದಂಡೆ. 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲಿಟ್ಟರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಅರ್ಗಾ ಮೊದಲಾದ ಹಳ್ಳಿಗಳಿಂದ ನಾಲ್ಕು ಸಾವಿರದಷ್ಟು ಕುಟುಂಬಗಳು ಎದ್ದವು. ಪುನರ್ವಸತಿ ಕಾಲೊನಿಗೆ ಹೋದವರಿಗೆ ಮನೆಕಟ್ಟಲು ನಿವೇಶನ ಸಿಕ್ಕಿತು. ದೋಣಿ ಎಳೆದಿಡುವ ಮರಳದಂಡೆ, ಮನೆಯಿಂದ ಹೊರಬಂದು ನೋಡಿದರೆ ಕಾಣುತ್ತಿದ್ದ ನೀರಿನ ಬಣ್ಣ, ಅದನ್ನು ನೋಡಿಯೇ ಬಲೆ ಹಾಕುವ ಸಮಯ ಹೇಳುತ್ತಿದ್ದ ಹಿರಿಯರ ತಿಳಿವಳಿಕೆ ಇವಕ್ಕೆ ಪರಿಹಾರದ ಪಟ್ಟಿಯಲ್ಲಿ ಕಲಮು ಇರಲಿಲ್ಲ. ಪರಿಹಾರದ ದರದ ಮೇಲಿನ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ‘ಸೀಬರ್ಡ್ ನಿರಾಶ್ರಿತರು’ ಎಂಬುದು ಜಿಲ್ಲೆಯ ದಿನಬಳಕೆಯ ಮಾತೇ ಆಗಿಹೋಯಿತು. ಏಳು ನಾವಿಕರು ಮಡಿದ ಅಂಜದೀವ್ ಈಗ ಇದೇ ನೆಲೆಯ ಭಾಗ. ನೌಕಾಪಡೆಗಳೇ ಬೇಡವಾಗುವ ಲೋಕವನ್ನು 1942ರಲ್ಲಿ ಬಯಸಿದ ತಾಲ್ಲೂಕಿನಲ್ಲಿ ದೇಶದ ಅತಿ ದೊಡ್ಡ ನೌಕಾನೆಲೆಗಳಲ್ಲೊಂದು ನಿಂತಿದೆ.

ಅಣುಶಕ್ತಿಯ ಕತೆಯೂ ಇದಕ್ಕೆ ಹೊಂದಿಕೊಂಡಿದೆ. 1946ರಲ್ಲಿ ಅಮೆರಿಕ ಮುಂದಿಟ್ಟ ಬರೂಕ್ ಯೋಜನೆಯಂತೆ ಜಗತ್ತಿನ ಎಲ್ಲ ಅಪಾಯಕಾರಿ ಅಣುಶಕ್ತಿ ಚಟುವಟಿಕೆ ಒಂದು ಅಂತರರಾಷ್ಟ್ರೀಯ ಪ್ರಾಧಿಕಾರದ ಕೈಗೆ ಬರಬೇಕಿತ್ತು; ಒಂದು ವಿಷಯದ ಮಟ್ಟಿಗೆ ಅದು ವಿಶ್ವಸರ್ಕಾರವೇ. ಅಮೆರಿಕದ ಬಳಿ ಬಾಂಬು ಉಳಿದಿರುವಾಗಲೇ ತನ್ನನ್ನು ತಪಾಸಣೆಗೆ ಒಡ್ಡಿಕೊಳ್ಳಲು ಸೋವಿಯತ್ ಒಕ್ಕೂಟ ಒಪ್ಪಲಿಲ್ಲ. 1957ರಲ್ಲಿ ಬಂದ, ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಅಧಿಕಾರ ಅದಕ್ಕಿಂತ ತೀರ ಕಡಿಮೆ. ದೇಶಗಳು ಒಪ್ಪಿದ ಸ್ಥಾವರಗಳಿಗೆ ಮಾತ್ರ ಅದು ಹೋಗಬಲ್ಲದು. ಅಮೆರಿಕದೊಂದಿಗಿನ ಒಪ್ಪಂದದ ಸಲುವಾಗಿ ಭಾರತ 2006ರಲ್ಲಿ ತನ್ನ ಸ್ಥಾವರಗಳನ್ನು ಎರಡಾಗಿ ವಿಂಗಡಿಸಿತು. ಕಾರವಾರ ತಾಲ್ಲೂಕಿನಲ್ಲಿ ಕಾಳಿ ದಂಡೆಯಲ್ಲಿರುವ, ತಲಾ 220 ಮೆಗಾವ್ಯಾಟ್‌ನ ಕೈಗಾದ ನಾಲ್ಕು ಘಟಕಗಳು ಅಂತರರಾಷ್ಟ್ರೀಯ ತಪಾಸಣೆಯ ಹೊರಗೆ ಉಳಿದವು. ಕೈಗಾ ಬೇಡವೆಂದು ಶಿವರಾಮ ಕಾರಂತರು ಬರೆದರು, ನ್ಯಾಯಾಲಯಕ್ಕೆ ಹೋದರು, 1989ರಲ್ಲಿ ಇದೇ ಲೋಕಸಭಾ ಕ್ಷೇತ್ರದಿಂದ ಚುನಾವಣೆಗೆ ನಿಂತು ಸೋತರು. ದೆಹಲಿಯನ್ನು ಪ್ರಶ್ನಿಸಲು ಅವರಿಗೆ ಮತಪೆಟ್ಟಿಗೆಯೂ ನ್ಯಾಯಾಲಯವೂ ಇದ್ದವು. ಸ್ಥಾವರದ ಜಾಗ ವಿಯೆನ್ನಾದಲ್ಲಿ ತೀರ್ಮಾನವಾಗುವಂತಿದ್ದರೆ ಅವರು ಯಾವ ಕ್ಷೇತ್ರದಲ್ಲಿ ನಿಲ್ಲಬೇಕಿತ್ತು?

ಇಡಿಯ ಸರ್ಕಾರ ಬಾರದಿದ್ದರೂ ಅದರ ತುಂಡುಗಳು ಬಂದಿವೆ, ಕೆಲವು ಚೆನ್ನಾಗಿ ನಡೆದಿವೆ. ಅಂಕೋಲೆಯ ದಿನಕರ ದೇಸಾಯಿಯವರನ್ನು ಕನ್ನಡಿಗರು ಚುಟುಕಗಳಿಂದ ಬಲ್ಲರು. ಮುಂಬಯಿಯಲ್ಲಿ ಅವರು ಭಾರತ ಸೇವಕ ಸಮಾಜದ ಸದಸ್ಯರಾಗಿ ಹಡಗಿನ ಕಾರ್ಮಿಕರ ಸಂಘಟನೆಯಲ್ಲಿ ದುಡಿದರು. ಭಾರತದ ನಾವಿಕ ಕಾರ್ಮಿಕರ ಬಗ್ಗೆ 1940ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ನಾವಿಕನ ಕಷ್ಟ ಒಂದೇ ದೇಶದ ಕಾನೂನಿನಿಂದ ತೀರುವಂಥದಲ್ಲ. ಅವನ ಊರು ಕಾರವಾರ, ಹಡಗಿನ ಒಡೆಯ ಲಂಡನ್ನಿನಲ್ಲಿ, ಹಡಗು ಇರುವುದು ನಡುಗಡಲಿನಲ್ಲಿ. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮರುವರ್ಷವೇ ನಾವಿಕರಿಗಾಗಿ ಪ್ರತ್ಯೇಕ ಸಮ್ಮೇಳನ ಕರೆದದ್ದು ಅದಕ್ಕೇ. ಆ ಸಂಸ್ಥೆಯಲ್ಲಿ ಸರ್ಕಾರಗಳ ಜೊತೆ ಮಾಲೀಕರಿಗೂ ಕಾರ್ಮಿಕರಿಗೂ ಮತವಿದೆ. ಸಂಬಳ, ಬಿಡುವು, ಊಟ, ಊರಿಗೆ ವಾಪಸು ಕಳಿಸುವ ಹೊಣೆ ಎಲ್ಲವನ್ನೂ ಒಂದೆಡೆ ತಂದ 2006ರ ಕಡಲ ಕಾರ್ಮಿಕ ಒಡಂಬಡಿಕೆಯನ್ನು ಭಾರತ 2015ರಲ್ಲಿ ಸ್ಥಿರೀಕರಿಸಿತು. ದೂರದ ಆಳ್ವಿಕೆಯೊಂದು ಈ ಕರಾವಳಿಯ ಬಡವನಿಗೆ ನೇರವಾಗಿ ಉಪಕಾರ ಮಾಡಿದ ನಿದರ್ಶನ ಹುಡುಕಿದರೆ ಮೊದಲು ಸಿಗುವುದು ಇದೇ.

ಮೀನಿನ ವಿಷಯ ಇಷ್ಟು ಸರಳವಲ್ಲ. ಬಂಗಡೆ, ತಾರ್ಲೆಗಳ ಹಿಂಡು ಗೋವೆಯ ನೀರಿನಿಂದ ಕರ್ನಾಟಕದ ನೀರಿಗೆ ಬರುವಾಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಮೊದಲು ಇಲ್ಲಿ ರಂಪಣಿ ಬಲೆ ಇತ್ತು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಮಂದಿ ದಂಡೆಗೆ ಎಳೆಯುತ್ತಿದ್ದರು. ಹಿಡಿದ ಮೀನು ಪಾಲಾಗುತ್ತಿತ್ತು. ದೋಣಿಗೊಂದು ಪಾಲು, ಬಲೆಗೊಂದು ಪಾಲು, ಕೈಹಾಕಿದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸಿನ್ ಬೋಟು ಬಂದು ಹಿಂಡನ್ನು ಆಳದಲ್ಲೇ ಸುತ್ತುವರಿದು ಎತ್ತತೊಡಗಿದ ಮೇಲೆ ದಂಡೆಗೆ ಬರುವ ಮೀನು ಕಡಿಮೆಯಾಯಿತು, ರಂಪಣಿ ಹಿಂದೆ ಬಿತ್ತು. ಊರಿನ ನೇಮಕ್ಕೆ ಊರಾಚೆಯ ಬೋಟನ್ನು ತಡೆಯುವ ಶಕ್ತಿ ಇರಲಿಲ್ಲ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಲ್ಲಿಸುವ ನಿಯಮ ಈಗ ಗಡಿಯ ಎರಡೂ ಕಡೆ ಒಂದೇ ಆಗಿದೆ. ಒಬ್ಬರು ನಿಲ್ಲಿಸಿದಾಗ ಇನ್ನೊಬ್ಬರು ಬಂದು ಹಿಡಿದುಕೊಂಡು ಹೋಗುವ ಚಾಳಿಗೆ ಮೇಲಿನ ಹಂತದ ಒಂದು ನಿಯಮ ಹೇಗೆ ಮದ್ದಾಗುತ್ತದೆ ಎಂಬುದಕ್ಕೆ ಇದು ಸಣ್ಣ, ಸ್ಪಷ್ಟ ನಿದರ್ಶನ.

ಅದೇ ನಿಯಮ ಇನ್ನೂ ಮೇಲೆ, ಜಿನೀವಾದವರೆಗೆ ಹೋದಾಗ ರೂಪ ಬದಲಾಗುತ್ತದೆ. ವಿಶ್ವ ವ್ಯಾಪಾರ ಸಂಸ್ಥೆ 2022ರ ಜೂನ್‌ನಲ್ಲಿ ಮೀನುಗಾರಿಕೆ ಸಹಾಯಧನದ ಒಪ್ಪಂದವನ್ನು ಅಂಗೀಕರಿಸಿತು. ಸರ್ಕಾರಗಳ ಹಣದ ಬಲದಿಂದ ಸಾಗರಗಳನ್ನು ಬರಿದು ಮಾಡುವ ದೊಡ್ಡ ದೇಶಗಳ ಹಡಗುಪಡೆಗಳಿಗೆ ಕಡಿವಾಣ ಹಾಕುವುದು ಅದರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಕಾರವಾರದ ಬೈತಖೋಲ ಬಂದರಿನ ಬೋಟಿಗೆ ಸಿಗುವ ಡೀಸೆಲ್ ರಿಯಾಯಿತಿಯನ್ನೂ, ಸಾವಿರಾರು ಮೈಲು ದಾಟಿ ಬರುವ ಕಾರ್ಖಾನೆ ಹಡಗಿಗೆ ಸಿಗುವ ನೆರವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಭಾರತ ಮಾತುಕತೆಗಳಲ್ಲಿ ವಾದಿಸುತ್ತ ಬಂದಿದೆ. ಈ ವಾದದಲ್ಲಿ ಹುರುಳಿದೆ. ಎಲ್ಲರಿಗೂ ಒಂದೇ ನಿಯಮ ಎಂಬುದು ಎಲ್ಲರೂ ಒಂದೇ ಸ್ಥಿತಿಯಲ್ಲಿದ್ದಾಗ ಮಾತ್ರ ನ್ಯಾಯ.

ಸದ್ಯ ಕಾರವಾರದ ದಂಡೆಯಿಂದ ಪಡುವಣಕ್ಕೆ ಹೊರಟ ಬೋಟು ಮೂರು ಆಳ್ವಿಕೆಗಳನ್ನು ದಾಟುತ್ತದೆ. ಮೊದಲ 12 ನಾಟಿಕಲ್ ಮೈಲಿನಲ್ಲಿ ಮೀನುಗಾರಿಕೆಗೆ ಕರ್ನಾಟಕದ 1986ರ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿಂದ 200 ಮೈಲಿನವರೆಗೆ ಕೇಂದ್ರದ ಅಧಿಕಾರ. 1976ರ ಭಾರತೀಯ ಕಾಯ್ದೆಯೂ 1982ರ ವಿಶ್ವಸಂಸ್ಥೆಯ ಸಾಗರ ಕಾನೂನೂ ಅದನ್ನು ಮಾನ್ಯ ಮಾಡುತ್ತವೆ. ಅದರಾಚೆಯ ನೀರು ಯಾರದೂ ಅಲ್ಲ. ಅಲ್ಲಿಯ ಜೀವಸಂಪತ್ತನ್ನು ಕಾಯುವ ಒಪ್ಪಂದ 2023ರಲ್ಲಿ ಅಂಗೀಕಾರವಾಯಿತು. ಭಾರತ ಅದಕ್ಕೆ 2024ರಲ್ಲಿ ಸಹಿ ಹಾಕಿದೆ. ದೇಶಗಳ ಮಿತಿಯಾಚೆಯ ಕಡಲತಳದ ಖನಿಜ ಮಾತ್ರ ಇಡೀ ಮನುಕುಲದ ಸೊತ್ತು ಎಂದು ಬರೆದಿಡಲಾಗಿದೆ, ಅದರ ಪರವಾನಗಿ ಕೊಡುವ ಅಧಿಕಾರ ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಕಡಲತಳ ಪ್ರಾಧಿಕಾರದ ಕೈಯಲ್ಲಿದೆ. ಹಿಂದೂ ಮಹಾಸಾಗರದ ಮಧ್ಯದ ಜಲಾನಯನದಲ್ಲಿ 75,000 ಚದರ ಕಿಲೋಮೀಟರ್ ತಳವನ್ನು ಶೋಧಿಸಲು ಭಾರತ ಅನುಮತಿ ಪಡೆದಿರುವುದು ಇದೇ ಪ್ರಾಧಿಕಾರದಿಂದ.